ನಿಮ್ಮೋರೇ ಅಲ್ವಾ

ಮಾತಿನ ಕೊನೆಗಿದ್ದ 'ಸಾರ್' ಯಾವತ್ತು ಬಿದ್ದುಹೋಯಿತೆಂದು ಶಿವಯ್ಯನಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ತೊಂಬತ್ತೊಂಬತ್ತರ ದಸರೆಯ ಹೊತ್ತಿಗೆ ಚುನಾವಣೆಯ ಎಣಿಕೆ ಮುಗಿದು, ಹಳಬರು ಮನೆ ಸೇರಿ, ಹೊಸಬರು ಹೊಡೆದ ಪಟಾಕಿಯ ಕೆಂಪು ಕಾಗದ ಅರಸೀಕೆರೆಯ ಚರಂಡಿಗಳಲ್ಲಿ ಇನ್ನೂ ಕೊಳೆಯುತ್ತಿತ್ತು. ಆವತ್ತು ಬೆಳಿಗ್ಗೆ ಅವನು ಕಚೇರಿಯ ಮೆಟ್ಟಿಲು ಹತ್ತಿದಾಗ ಜವಾನ ಸ್ಟೂಲಿನಿಂದ ಏಳಲಿಲ್ಲ ಅಂತಲ್ಲ, ಎದ್ದ. ಆದರೆ ಏಳುವ ಮೊದಲು ಬೀಡಿಕಟ್ಟನ್ನು ಜೇಬಿಗೆ ಸೇರಿಸಿದ, ಬಗ್ಗಿ ಚಪ್ಪಲಿ ಹುಡುಕಿದ, ಕಾಲಿಗೆ ತೂರಿಸಿದ. ಅಷ್ಟರಲ್ಲಿ ತಹಸೀಲ್ದಾರ ಶಿವಯ್ಯ ಅವನನ್ನು ದಾಟಿ ಒಳಗೆ ಹೋಗಿಯಾಗಿತ್ತು. "ಟೀ ತರ್ಲಾ?" ಎಂದು ಜವಾನ ಹಿಂದಿನಿಂದ ಕೇಳಿದ. ಅಷ್ಟೇ. ತಪ್ಪೇನಿಲ್ಲ, ಏಕವಚನವೇನೂ ಅಲ್ಲ. ಆದರೂ ಹಲ್ಲು ಬಿದ್ದ ಜಾಗವನ್ನು ನಾಲಿಗೆ ತಡವುವ ಹಾಗೆ ಶಿವಯ್ಯನ ಕಿವಿ ಆ ಮಾತಿನ ಕೊನೆಯನ್ನು ತಡವಿ ನೋಡಿತು. ಬೇಡ ಎಂದ. ಬೇಡ ಎಂದದ್ದು ಟೀ ಬೇಡವೆಂದಲ್ಲ, ಇನ್ನೊಂದು ಮಾತಾಡಿ ಇನ್ನೊಂದು ಖಾಲಿ ಜಾಗವನ್ನು ಕೇಳಿಸಿಕೊಳ್ಳುವುದು ಬೇಡವೆಂದು.

ಅವನ ವರ್ಗದ ಆದೇಶ ಇವತ್ತೋ ನಾಳೆಯೋ ಎಂದು ಕಚೇರಿಯೆಲ್ಲ ಕಾಯುತ್ತಿತ್ತು. ಸೋತ ಪಕ್ಷದವರು ವೇದಿಕೆಗಳಲ್ಲಿ ಅವನ ಹೆಗಲ ಮೇಲೆ ಕೈಯಿಟ್ಟು 'ನಮ್ಮ ಶಿವಯ್ಯ' ಎಂದು ಕರೆದಿದ್ದರು. ಕೇರಿಯಿಂದ ಬಂದವನೊಬ್ಬನನ್ನು ಇಂಥ ಕುರ್ಚಿಯಲ್ಲಿ ಕೂರಿಸಿದ್ದೇವೆ ಎಂದು ತೋರಿಸಲು ಅವರಿಗೊಂದು ಮುಖ ಬೇಕಿತ್ತು. ಈಗ ಆ ಮುಖ ಹೊಸಬರಿಗೆ ಸೋತವರ ಗೋಡೆಬರಹವಿದ್ದ ಹಾಗೆ, ಸುಣ್ಣ ಬಳಿದು ಮುಗಿಸಬೇಕಾದದ್ದು. ಇದೆಲ್ಲ ಗೊತ್ತಿದ್ದೂ ಶಿವಯ್ಯನಿಗೆ ಆ ವರ್ಗದ ಮೇಲೆ ಒಂದು ವಿಚಿತ್ರ ಆಸೆ ಹುಟ್ಟಿತ್ತು. ಬೈದು ಓಡಿಸಿದರೆ ತಾನೂ ಅವರಿಗೊಬ್ಬ ವೈರಿ ಎಂದಾದರೂ ಆಗುತ್ತದೆ. ವೈರಿ ಎನಿಸಿಕೊಳ್ಳುವುದಕ್ಕೂ ಒಂದು ತೂಕ ಬೇಕು. ಗುಮಾಸ್ತರು ಪಿಸುಗುಟ್ಟುತ್ತ ಅವನು ಹತ್ತಿರ ಬಂದೊಡನೆ ಮಳೆಯ ಮಾತು ತೆಗೆಯುವಾಗ ಅವನು ಒಳಗೊಳಗೇ, ಬೇಗ ಕಳಿಸಿಬಿಡ್ರಯ್ಯ, ಎಂದುಕೊಳ್ಳುತ್ತಿದ್ದ.

ಮನೆಯಲ್ಲೂ ಗಾಳಿ ತಿರುಗಿತ್ತು. ಬಾಡಿಗೆಗೆ ಮನೆ ಕೇಳಲು ಹೋದ ದಿನ ಒಡತಿ ಮಹದೇವಮ್ಮ, ಹಣೆಯ ತುಂಬ ವಿಭೂತಿ, ಹೊಸ್ತಿಲಲ್ಲೇ ನಿಂತು "ನೀವು ಯಾವ ಪೈಕಿ?" ಎಂದು ಕೇಳಿದ್ದಳು. "ಬೌದ್ಧರು" ಎಂದಿದ್ದ. ಸುಳ್ಳಲ್ಲ, ಅವನೂ ಹೆಂಡತಿ ಮೀನಾಕ್ಷಿಯೂ ದೀಕ್ಷೆ ತೆಗೆದುಕೊಂಡು ವರ್ಷಗಳಾಗಿದ್ದವು. ಮಹದೇವಮ್ಮನ ಮುಖ ಅರಳಿತು. "ಓ, ನಮ್ಮ ಹಳೇಬೀಡಿನ ಬಸದಿ ಜೈನ್ರ ತರದೋರು ಅನ್ನಿ. ಹಂಗಾರೆ ಈರುಳ್ಳೀನೂ ತಿನ್ನಕಿಲ್ಲ" ಎಂದು ಬೀಗದಕೈ ಕೊಟ್ಟಳು. ಶಿವಯ್ಯ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆಮೇಲೆ ಎಷ್ಟೋ ತಿಂಗಳು ಮೀನಾಕ್ಷಿ ಕಿಟಕಿ ಮುಚ್ಚಿಕೊಂಡು ಒಗ್ಗರಣೆ ಹಾಕಿದಳು. "ಈರುಳ್ಳಿ ಬಚ್ಚಿಡೋಕೆ ನಾನು ಬುದ್ಧನ ಕಡೆ ಬರ್ಲಿಲ್ಲ ಕಣ್ರೀ" ಎಂದಿದ್ದಳು ಒಮ್ಮೆ, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ. ಮಹದೇವಮ್ಮನಿಗೆ ವಿಷಯ ತಿಳಿಯುವ ಹೊತ್ತಿಗೆ ಅವನು ದೊಡ್ಡವರ ಜೀಪಿನಿಂದ ಇಳಿಯುವುದನ್ನು ಬೀದಿ ನೋಡಿತ್ತು. ಆದ್ದರಿಂದ ಅವಳು ಹಬ್ಬಕ್ಕೆ ಒಬ್ಬಟ್ಟು ಕಳಿಸಿದಳು, ಎಲೆಯಲ್ಲಿ ಸುತ್ತಿ, ಪಾತ್ರೆ ವಾಪಸು ಬರದ ಹಾಗೆ. ಈ ಹಬ್ಬಕ್ಕೆ ಎಲೆಯೂ ಬರಲಿಲ್ಲ. "ನಮ್ಮ ತಂಗಿ ಸಂಸಾರ ಬತ್ತಾ ಐತೆ, ಮನೆ ಬೇಕಾಯ್ತದೆ" ಎಂದು ಇವತ್ತು ಬೆಳಿಗ್ಗೆ ಹೇಳಿದ್ದಳು, ಅವನಿಗಲ್ಲ, ತುಳಸಿಗಿಡಕ್ಕೆ ಎಂಬಂತೆ.

ಹನ್ನೊಂದರ ಸುಮಾರಿಗೆ ಜಯದೇವಪ್ಪನ ಮಂಡಿಯಿಂದ ಫೋನು ಬಂತು. ಜಯದೇವಪ್ಪ ಕೊಬ್ಬರಿ ವ್ಯಾಪಾರಿ. ಚುನಾವಣೆಗೆ ನಿಂತವನಲ್ಲ, ನಿಂತವರನ್ನು ಗೆಲ್ಲಿಸಿದವನು. ಯಾವ ಹುದ್ದೆಯೂ ಇಲ್ಲದ ಅವನ ಫೋನಿಗೆ ಈಗ ಹುದ್ದೆಯಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದರು. ಶಿವಯ್ಯ ಕೂತೇ ಮಾತಾಡಿದ. ಮಾತು ಮುಗಿದ ಮೇಲೆ ನೋಡಿಕೊಂಡರೆ ಎದ್ದು ನಿಂತಿದ್ದ. ಮಂಡಿಗೆ ಬನ್ನಿ ಎಂದಾಗ ನೀವೇ ಕಚೇರಿಗೆ ಬನ್ನಿ ಎನ್ನಬಹುದಾಗಿತ್ತು ಎಂದು ಹೊಳೆದದ್ದು ಜೀಪು ರೈಲ್ವೆ ಗೇಟು ದಾಟಿದ ಮೇಲೆ.

ಮಂಡಿಯಲ್ಲಿ ಕೊಬ್ಬರಿಯ ಸಿಹಿ ಕಮಟು ಮುಖಕ್ಕೆ ಹೊಡೆಯಿತು. ಹೆಂಗಸರು ಸಾಲಾಗಿ ಕೂತು ಕೊಬ್ಬರಿ ಗಿಟುಕು ಆರಿಸಿ ಚೀಲಕ್ಕೆ ಎಸೆಯುತ್ತಿದ್ದರು. ಶಿವಯ್ಯ ಅವರ ಪಕ್ಕದಲ್ಲಿ ನಿಂತ. ಒಳಗೆ ಯಾರೋ ಇದ್ದಾರೆ, ತಾಳಿ, ಎಂದು ಗುಮಾಸ್ತ ಹೇಳಿದ್ದ. ಕೂರಲು ಹೇಳಿರಲಿಲ್ಲ. ತುಂಬಿದ ಚೀಲವೊಂದರ ಮೇಲೆ ಕೂರಬಹುದಾಗಿತ್ತು. ಕೂತರೆ ಕೂಲಿಯವನಂತೆ ಕಂಡೇನು, ನಿಂತರೆ ಅರ್ಜಿ ಹಿಡಿದು ಬಂದವನಂತೆ. ಅವನು ಗೋಡೆಯ ಕ್ಯಾಲೆಂಡರನ್ನು ಓದುವವನಂತೆ ನಿಂತ. ಒಳಗಿಂದ ನಗುವಿನ ಸದ್ದು ಬರುತ್ತಿತ್ತು. ಕೊನೆಗೆ ಹೊರಬಂದವನು ಗಂಗಾಧರಪ್ಪ, ಅವನದೇ ಕೈಕೆಳಗಿನ ಗಂಡಸಿ ಹೋಬಳಿಯ ರೆವಿನ್ಯೂ ಇನ್ಸ್‌ಪೆಕ್ಟರ್. ನಮಸ್ಕಾರವೆಂದು ಎತ್ತಿದ ಕೈ ತಲೆಗೂದಲು ಸವರಿ ಕೆಳಗಿಳಿಯಿತು. "ನಾನು ಮುಂದೆ ಹೋಗಿರ್ತೀನಿ" ಎಂದು ಬೈಕ್ ಹತ್ತಿ ಹೋದ. ಎಲ್ಲಿಗೆ ಎಂಬುದು ತಹಸೀಲ್ದಾರನಿಗೆ ಆಗ ಗೊತ್ತಿರಲಿಲ್ಲ.

"ಬನ್ನಿ ಶಿವಯ್ಯನೋರೆ, ಕುಂತ್ಕಳಿ." ಜಯದೇವಪ್ಪ ಬಿಳಿ ಗಾದಿಯ ಮೇಲಿಂದಲೇ ಎದುರಿನ ಕುರ್ಚಿ ತೋರಿಸಿದ. "ನಿಮ್ಮನ್ನ ಎತ್ತಂಗಡಿ ಮಾಡ್ಸಿ ಅಂತ ನಮ್ಮೋರೆಲ್ಲ ಹಟ ಹಿಡ್ದವ್ರೆ. ನಾನೇ ಬ್ಯಾಡ ಅಂದೆ. ಆ ಪಕ್ಷ ಈ ಪಕ್ಷ ಅಂತ ಅಧಿಕಾರಿಗಳ್ನ ನೋಡಬಾರ್ದು. ಕೆಲ್ಸಗಾರ್ರು ನೀವು."

ಕಾಫಿ ಬಂತು, ಇಬ್ಬರಿಗೂ ಪ್ಲಾಸ್ಟಿಕ್ ಲೋಟದಲ್ಲಿ. ದೂರಲು ಏನೂ ಇಲ್ಲ. ಜಯದೇವಪ್ಪ ತನ್ನದನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಅವನ ಸ್ಟೀಲು ಲೋಟ ಆಗಲೇ ಖಾಲಿಯಾಗಿ ಕೂತಿತ್ತು.

"ಗಂಡಸಿಯಾಚೆ ಪಾಳ್ಯ ಗೊತ್ತಲ್ಲ. ರಸ್ತೆ ಬದೀಲಿ ಅವ್ರದೊಂದು ಹೆಣ ಹೂಣೋ ಗುಂಡಿ ಜಾಗ ಐತೆ. ಅಲ್ಲಿ ಲಾರಿ ಸ್ಟ್ಯಾಂಡು, ನಾಕು ಮಳಿಗೆ ಅಂತ ಮಾತಾಗೈತೆ. ಅವ್ರಿಗೂ ಅನ್ಯಾಯ ಮಾಡಿಲ್ಲ, ಕಲ್ಲುಕ್ವಾರಿ ಹಿಂದೆ ಬದ್ಲಿ ಜಾಗ ತೋರ್ಸಿದೀವಿ."

"ಅದು ಬಂಡೆ" ಎಂದ ಶಿವಯ್ಯ. ಬೇಸಿಗೆಯಲ್ಲಿ ಅವನೇ ಹೋಗಿ ನೋಡಿದ್ದ. ಗುದ್ದಲಿ ಹಾಕಿದರೆ ಕಿಡಿ ಹಾರುವ ಜಾಗ.

"ಮ್ಯಾಲೆ ಮಣ್ಣು ಹೊಡ್ಸಿಕೊಡಾನ ಬುಡಿ. ಈಗಿನ ವಿಷ್ಯ ಏನಂದ್ರೆ, ಬೆಳಿಗ್ಗೆ ಅಲ್ಲೊಂದು ಮುದುಕಿ ಸತ್ತೈತೆ. ಹಳೇ ಜಾಗದಲ್ಲೇ ಹೂಣ್ತೀವಿ ಅಂತ ಕುಂತವ್ರೆ. ಈಗೊಂದು ಹೆಣ ಒಳಕ್ಕೋಯ್ತು ಅಂದ್ರೆ ನಾಳೆ ಕೋರ್ಟು ಕಚೇರಿ ಅಂತ ಹತ್ತೊರ್ಸ ಎಳೀತದೆ. ಗಂಗಾಧರಪ್ಪ ಹೇಳಿದ್ರೆ ಗಲಾಟೆ ಆಯ್ತದೆ, ಜಾತಿ ಬಣ್ಣ ಬತ್ತದೆ. ನೀವು ಹೋಗಿ ಒಂದು ಮಾತೇಳಿ." ಜಯದೇವಪ್ಪ ನಕ್ಕ. ನಗುವಿನಲ್ಲಿ ಕೆಡುಕೇನೂ ಇರಲಿಲ್ಲ, ಅದೇ ಶಿವಯ್ಯನಿಗೆ ತಡೆಯದಾಯಿತು. "ನಿಮ್ಮೋರೇ ಅಲ್ವಾ."

ಜೀಪು ಗಂಡಸಿಯ ದಾರಿ ಹಿಡಿದಾಗ ತೆಂಗಿನ ತೋಟಗಳ ನೆರಳು ಬಿಸಿಲು, ನೆರಳು ಬಿಸಿಲು ಎಂದು ಅವನ ತೊಡೆಯ ಮೇಲೆ ಓಡುತ್ತಿತ್ತು. ನಿಮ್ಮೋರೇ ಅಲ್ವಾ. ಆ ಮಾತನ್ನು ಮೊದಲು ಕೇಳಿದ್ದು ಹಳೇಬೀಡಿನಲ್ಲಿ. ಆಗ ಅವನು ಇನ್ನೂ ರೆವಿನ್ಯೂ ಇನ್ಸ್‌ಪೆಕ್ಟರ್, ಹೊಸ ಪ್ಯಾಂಟು, ಮಾದಿಹಳ್ಳಿಯ ಮಗ್ಗುಲ ತನ್ನೂರಿಗೆ ಸೈಕಲ್ಲಿನಲ್ಲಿ ಹೋದರೆ ಕೇರಿಯ ಮುದುಕರು ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದರು. ಕೆರೆಯಂಗಳದ ಗುಡಿಸಲು ತೆಗೆಸಬೇಕಾಗಿತ್ತು. ನೀವೇ ಹೋಗಿ ಶಿವಯ್ಯ, ನಿಮ್ಮ ಮಾತು ಕೇಳ್ತಾರೆ ಎಂದಿದ್ದರು ಮೇಲಿನವರು. ಕೇಳಿದರು. ಒಬ್ಬ ಮುದುಕಿ ಮಡಕೆ ಕುಡಿಕೆ ಹೊರಗಿಡುತ್ತ, ತನ್ನ ಹ್ಯಾಟೆಕೋಳಿಯನ್ನು ತಂದು ಅವನ ಕೈಗೆ ಕೊಟ್ಟು, "ಇಟ್ಕಳಪ್ಪ ಒಂದು ಗಳಿಗೆ, ಗದ್ಲಕ್ಕೆ ಓಡೋಯ್ತದೆ" ಎಂದಳು. ಗುಡಿಸಲಿನ ಗಳು ಕಿತ್ತು, ಸೋಗೆ ಕುಸಿದು, ಧೂಳೆದ್ದು ಅಡಗುವವರೆಗೆ ಅವನು ಕಂಕುಳಲ್ಲಿ ಕೋಳಿ ಅವುಚಿಕೊಂಡು ನಿಂತಿದ್ದ. ಅದರ ಎದೆಬಡಿತ ಅವನ ಪಕ್ಕೆಲುಬಿಗೆ ತಾಗುತ್ತಿತ್ತು. ಕೆಲಸ ಗಲಾಟೆಯಿಲ್ಲದೆ ಮುಗಿಯಿತೆಂದು ಮೇಲಿನವರು ಬೆನ್ನು ತಟ್ಟಿದರು. ಆಮೇಲೆ ಬೇಲೂರು, ಅಲ್ಲಿ ಹಾಸ್ಟೆಲಿನ ಹುಡುಗರು ಅನ್ನಕ್ಕಾಗಿ ಧರಣಿ ಕೂತಾಗ ಮತ್ತೆ ಅದೇ ಮಾತು. ಬಡ್ತಿ. ಅರಸೀಕೆರೆ. 'ನಮ್ಮ ಶಿವಯ್ಯ' ಎಂದವರೂ ಅದೇ ಕೆಲಸಕ್ಕೆ ಕಳಿಸಿದ್ದರಲ್ಲವೇ? ಪಕ್ಷ ಬದಲಾಗಿದೆ, ಸರ್ಕಾರ ಬದಲಾಗಿದೆ, ತನ್ನ ಉಪಯೋಗ ಬದಲಾಗಿಲ್ಲ. ಒಡೆದ ಮನೆಯಿಂದ ಆಚೆ ಹೊತ್ತ ಒಳಕಲ್ಲನ್ನು ಹೊಸ ಮನೆಯಲ್ಲೂ ಹೂತುಕೊಳ್ಳುತ್ತಾರೆ, ಅರೆಯುವುದೇನು ನಿಲ್ಲುವುದಿಲ್ಲವಲ್ಲ. ಜಯದೇವಪ್ಪ ಓಡಿಸುವುದಿಲ್ಲ ಎಂದ ಕ್ಷಣದಲ್ಲಿ ಹೊಟ್ಟೆಯಲ್ಲಿ ಆದದ್ದೇನು? ತಣ್ಣಗಾಗಿತ್ತು. ಥೂ, ತಣ್ಣಗಾಗಿತ್ತು. ಮೀನಾಕ್ಷಿಗೆ ಫೋನು ಮಾಡಿ ಮನೆ ಹುಡುಕುವುದು ಬೇಡ, ಇಲ್ಲೇ ಇರ್ತೀವಿ ಎನ್ನಬೇಕೆಂದು ಒಂದು ಗಳಿಗೆ ಕೈ ತುಡಿದಿತ್ತು.

"ಏನಂದ್ರಿ?" ಎಂದ ಡ್ರೈವರ್. ತಾನು ಗಟ್ಟಿಯಾಗಿ ಏನಾದರೂ ಅಂದೆನೇ? "ಏನಿಲ್ಲ, ನಡಿ."

ಪಾಳ್ಯದ ಹತ್ತಿರ ರಸ್ತೆಯ ಬದಿಯಲ್ಲಿ ಜನ ನಿಂತಿದ್ದರು. ಹುಣಸೆಮರದ ಕೆಳಗೆ ಪೊಲೀಸ್ ವ್ಯಾನು; ಸಬ್ ಇನ್ಸ್‌ಪೆಕ್ಟರ್ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ. ಗಂಗಾಧರಪ್ಪ ತನ್ನ ಬೈಕಿನ ಮೇಲೆ ಒಂದು ಕಾಲು ನೆಲಕ್ಕೂರಿ ಕೂತಿದ್ದ. ಚಟ್ಟ ಡಾಂಬರಿನ ಅಂಚಿನಲ್ಲಿತ್ತು. ಬಿಸಿಲಿಗೆ ಚೆಂಡುಹೂ ಬಾಡಿ, ಮುಚ್ಚಿದ ಬಟ್ಟೆ ಒಂದು ಕಡೆ ಸರಿದು, ಮುದುಕಿಯ ಪಾದವೊಂದು ಹೊರಗಿತ್ತು. ಒಡೆದ ಹಿಮ್ಮಡಿ, ಅರಿಸಿನ ಬಳಿದ ಬೆರಳು, ಅವುಗಳ ಮೇಲೆ ನೊಣ. ತಲೆಯ ಹತ್ತಿರ ಕೂತ ಮಗಳು ಚಲುವಮ್ಮ ಟವೆಲಿನಿಂದ ನೊಣ ಹೊಡೆಯುತ್ತಿದ್ದಳು. ತಲೆಯ ಕಡೆ ಹೊಡೆದರೆ ಕಾಲಿಗೆ ಕೂರುತ್ತಿದ್ದವು. ಸತ್ತವಳ ಹೆಸರು ಹನುಮಮ್ಮ ಎಂದು ಯಾರೋ ಹೇಳಿದರು. ಆಚೆ, ಲಂಟಾನದ ಪೊದೆಗಳ ನಡುವೆ, ತೆಗೆದ ಗುಂಡಿಯ ಹಸಿ ಮಣ್ಣು ಗುಡ್ಡೆ ಬಿದ್ದಿತ್ತು.

ಶಿವಯ್ಯ ಜೀಪಿನಿಂದ ಇಳಿದ. ಯಾರೂ ಅಲುಗಲಿಲ್ಲ. ಗಡ್ಡ ಬಿಟ್ಟ ಒಬ್ಬ ಯುವಕ ಮುಂದೆ ಬಂದ. ಊರವರಿಟ್ಟ ಹೆಸರನ್ನು ಬಿಟ್ಟು ಸಿದ್ಧಾರ್ಥ ಎಂದು ತಾನೇ ಹೆಸರಿಟ್ಟುಕೊಂಡವನು. ಹಾಸನದಲ್ಲಿ ಕಾನೂನು ಓದುತ್ತಿದ್ದ, ಒಂದೆರಡು ಸಲ ಮನವಿ ಹಿಡಿದು ಕಚೇರಿಗೂ ಬಂದಿದ್ದ.

ಶಿವಯ್ಯ ಗಂಟಲು ಸರಿಮಾಡಿಕೊಂಡ. ದಾರಿಯಲ್ಲೇ ಮಾತು ಜೋಡಿಸಿಕೊಂಡಿದ್ದ, ಬಹಳ ಸಲ ಆಡಿ ನಯವಾದ ಮಾತು. "ನೋಡಿ, ನಾನೂ ನಿಮ್ಮೋನೇ..."

"ತಡೀರಿ" ಎಂದ ಸಿದ್ಧಾರ್ಥ. "ಅದೊಂದು ಮಾತು ಬಿಟ್ಟು ಬೇರೆ ಏನಿದ್ರೂ ಹೇಳಿ. ಸರ್ಕಾರದೋರು ಅಂತ ಬಂದಿದ್ರೆ ಬನ್ನಿ, ನಾವು ಜಗಳ ಆಡ್ತೀವಿ, ಲಾಠಿ ಏಟು ತಿಂತೀವಿ. ನಮ್ಮೋರು ಅಂತ ಮಾತ್ರ ಬರಬ್ಯಾಡಿ. ಸರ್ಕಾರದ ಏಟಿಗೆ ಔಷ್ದ ಐತೆ, ಅದಕ್ಕಿಲ್ಲ."

ಯಾರೋ ಹಿಂದೆ ಉಗುಳಿದರು. ಎಲೆಯಡಿಕೆಯ ಉಗುಳೋ, ಅವನಿಗೆಂದೇ ಉಗುಳಿದ್ದೋ ತಿಳಿಯಲಿಲ್ಲ. ಜೋಡಿಸಿಕೊಂಡ ಮಾತು ಬಾಯಲ್ಲಿ ಉಳಿದು ಹುಳಿಯಾಯಿತು. ಅವನಿಗೆ ಸಿಟ್ಟು ಬಂತು, ಈ ಹುಡುಗನ ಮೇಲೆ. ನೀನು ಓದಿದ ಹಾಸ್ಟೆಲಿಗೆ ಅನ್ನ ಬರೋ ಹಾಗೆ ಮಾಡಿದವನು ಯಾರಯ್ಯ? ಜಾತಿಯ ಸರ್ಟಿಫಿಕೇಟಿಗೆ ಸಹಿ ಯಾರದು? ಹಾಗೆ ಅನ್ನಬೇಕೆಂದು ನೋಡುವಾಗ ಚಲುವಮ್ಮ ತಲೆಯೆತ್ತಿದಳು. ಅತ್ತು ಮುಗಿಸಿದ ಒಣ ಕಣ್ಣು.

"ಬೆಳಗಿಂದ ನಮ್ಮವ್ವನ್ನ ದಾರಿ ಮ್ಯಾಲೆ ಮಡಗಿಸಿದೀರಿ" ಎಂದಳು. "ನಮ್ಮಪ್ಪ ಅಲ್ಲಿ ಮಣ್ಣೊಳಗವ್ನೆ. ಇವ್ಳು ಹೊರಗವ್ಳೆ. ಅದೇನು ಹೇಳಕೆ ಬಂದಿದೀರೋ ಬಿರ್ರನೆ ಹೇಳಿ. ಹೆಣ ಕಾಯಕಿಲ್ಲ."

"ನಾನು ಎಲ್ಲಾ ಹೇಳಾಯ್ತು" ಎಂದ ಗಂಗಾಧರಪ್ಪ ಬೈಕಿನ ಮೇಲಿಂದಲೇ. "ಇವ್ರು ಕೇಳ್ತಿಲ್ಲ. ಕ್ವಾರಿ ಹಿಂದಕ್ಕೆ ತಗಂಡೋಗ್ರಪ್ಪ ಅಂತ ನೀವೇ ಒಂದು ಮಾತು ಹೇಳ್ಬುಡಿ, ಮುಗೀತು."

ಶಿವಯ್ಯ ಅವನ ಕಡೆ ತಿರುಗಿದ. ಗಂಗಾಧರಪ್ಪನ ಒಂದು ಕಾಲು ನೆಲದ ಮೇಲೆ, ಇನ್ನೊಂದು ಪೆಡಲಿನ ಮೇಲೆ. ಕೀಗೊಂಚಲನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಿದ್ದ. ತಹಸೀಲ್ದಾರ ಬಿಸಿಲಲ್ಲಿ ನಿಂತಿದ್ದಾನೆ, ಇವನು ಬೈಕಿನಿಂದ ಇಳಿದಿಲ್ಲ. ಇಳಿಯಬೇಕೆಂದು ಅವನಿಗೆ ಅನಿಸಿಯೂ ಇಲ್ಲ. ಆ ಕೀಗೊಂಚಲಿನ ಗಿರಗಿರ ಸದ್ದು ಶಿವಯ್ಯನ ತಲೆಯೊಳಗೆ ಹೊಕ್ಕಿತು. ಮುಂದೆ ಎಷ್ಟೋ ವರ್ಷ, ನಿದ್ದೆ ಬಾರದಾಗ, ಆ ಗಳಿಗೆಯನ್ನು ಅವನು ತಿರುವಿ ತಿರುವಿ ನೋಡಲಿದ್ದ: ಆವತ್ತು ತಾನು ಬಾಯಿಬಿಟ್ಟದ್ದು ಬಟ್ಟೆಯಿಂದ ಹೊರಗಿದ್ದ ಆ ಪಾದಕ್ಕಾಗಿಯೋ, ಇಳಿಯದೆ ಕೂತ ಆ ಕಾಲಿಗಾಗಿಯೋ?

"ಹೂಣಿ" ಎಂದ.

ಯಾರಿಗೂ ಅರ್ಥವಾಗಲಿಲ್ಲ. ಅವನೇ ಮತ್ತೆ ಹೇಳಬೇಕಾಯಿತು. "ಇಲ್ಲೇ ಹೂಣಿ. ಗುಂಡಿ ತೆಗೆದಿದೀರಲ್ಲ."

ಗಂಗಾಧರಪ್ಪ ಈಗ ಬೈಕಿನಿಂದ ಇಳಿದ. "ಏನ್ ಹೇಳ್ತಿದೀರಿ? ಜಯದೇವಪ್ಪನೋರು..."

"ಜಯದೇವಪ್ಪನೋರು ಕೊಬ್ಬರಿ ಮಂಡಿ ಯಜಮಾನ್ರು ಕಣ್ರೀ ಗಂಗಾಧರಪ್ಪ. ತಹಸೀಲ್ದಾರ ನಾನು."

ಸಬ್ ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡು ಹತ್ತಿರ ಬಂದು, "ಬರವಣಿಗೇಲಿ ಕೊಡ್ತೀರಾ?" ಎಂದ. ಕೊಡುವುದಿಲ್ಲವೆಂಬ ನಂಬಿಕೆಯಲ್ಲೇ ಕೇಳಿದ್ದ. ಶಿವಯ್ಯ ಜೀಪಿನ ಕಾದ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಎರಡು ಸಾಲು ಬರೆದು ಸಹಿ ಹಾಕಿದ. ಕಬ್ಬಿಣದ ಬಿಸಿ ಕಾಗದದ ಮೂಲಕ ಕೈಗೆ ತಾಗುತ್ತಿತ್ತು. ಅವನು ಸಹಿ ಮುಗಿಸುವಷ್ಟರಲ್ಲಿ ಗಂಗಾಧರಪ್ಪನ ಬೈಕು ಅರಸೀಕೆರೆಯ ಕಡೆ ತಿರುಗಿತ್ತು.

ಆಗ ಶಿವಯ್ಯ ಒಂದು ಕೆಲಸ ಮಾಡಿದ: ಜನರ ಕಡೆ ನೋಡಿದ. ಯಾರಾದರೂ ಏನಾದರೂ ಅನ್ನುತ್ತಾರೆಂದು. ದೊಡ್ಡ ಮಾತೇನೂ ಬೇಡ, ಯಾರಾದರೊಬ್ಬ ಮುದುಕ ಕೈಯೆತ್ತಿದರೂ ಸಾಕಿತ್ತು. ಅವರು ಚಟ್ಟಕ್ಕೆ ಹೆಗಲು ಕೊಡುತ್ತಿದ್ದರು. ಸಿದ್ಧಾರ್ಥ ಮಾತ್ರ ಅವನನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತ.

"ನೀವು ಹೇಳ್ದೆ ಇದ್ರೂ ಹೂಣ್ತಿದ್ವಿ" ಎಂದ. "ಅದೇನು ಆಟ ಕಟ್ಟಿದೀರೋ ಆಮೇಲೆ ಗೊತ್ತಾಯ್ತದೆ ಬಿಡಿ."

ಆಟ. ಶಿವಯ್ಯನಿಗೆ ನಗು ಬಂದ ಹಾಗಾಯಿತು. ಇಷ್ಟು ವರ್ಷ ಆಡಿದ ಸುಳ್ಳನ್ನು ಎಲ್ಲರೂ ನಂಬಿ ಗುಡಿಸಲು ಬಿಚ್ಚಿಕೊಂಡಿದ್ದರು. ಈ ಒಂದು ನಿಜವನ್ನು ಆಟ ಎನ್ನುತ್ತಿದ್ದಾರೆ. ಅವನು ಹಿಂದೆ ಹಿಂದೆ ನಡೆದ, ಕರೆಯದ ಮನೆಗೆ ಹೋಗುವವನಂತೆ. ಲಂಟಾನದ ಮುಳ್ಳು ಪ್ಯಾಂಟಿಗೆ ಸಿಕ್ಕಿಕೊಂಡು ಜಗ್ಗಿತು. ಗುಂಡಿಯ ಸುತ್ತ ಸಿದ್ಧಾರ್ಥನೂ ಅವನ ಜೊತೆಯವರೂ ಬುದ್ಧಂ ಶರಣಂ ಎಂದು ಶುರುಮಾಡಿದರು. ಮುದುಕಿಯರು ಅದನ್ನು ಲೆಕ್ಕಿಸದೆ ತಮ್ಮ ಹಳೆಯ ಹಾಡಿಕೊಂಡು ಅಳುವುದನ್ನು ಶುರುಮಾಡಿದರು. ಎರಡೂ ಒಂದರ ಮೇಲೊಂದು ಬಿದ್ದು, ಯಾವುದೂ ಸೋಲದೆ, ಹನುಮಮ್ಮ ಕೆಳಗಿಳಿದಳು. ಒಬ್ಬೊಬ್ಬರೇ ಬಂದು ಮಣ್ಣು ಹಾಕಿದರು. ಶಿವಯ್ಯ ಶೂ ಕಳಚಿಟ್ಟು, ಬಗ್ಗಿ ಮೂರು ಹಿಡಿ ಮಣ್ಣನ್ನು ಬೊಗಸೆಗೆ ತುಂಬಿಕೊಂಡ. ಹಸಿ ಮಣ್ಣು, ಬೇರಿನ ನಾರು ಬೆರಳಿಗೆ ಸುತ್ತಿಕೊಂಡಿತು. ಅವನು ಮುಂದೆ ಬಂದಾಗ ಸಿದ್ಧಾರ್ಥ ಅಡ್ಡ ನಿಂತ.

"ನೀವು ಬ್ಯಾಡ."

ಅಳು ನಿಂತು ಎಲ್ಲರೂ ನೋಡಿದರು. ಬೊಗಸೆಯ ಸಂದಿಯಿಂದ ಮಣ್ಣು ಉದುರುತ್ತಿತ್ತು. ಅಲ್ಲಿಂದ ಹಿಂದಕ್ಕೆ ಹೋಗುವುದು ಹೇಗೆಂದು ಶಿವಯ್ಯನಿಗೆ ತಿಳಿಯಲಿಲ್ಲ.

ಚಲುವಮ್ಮ ಗುಂಡಿಯ ಆಚೆಯಿಂದ ಹೇಳಿದಳು. "ಬುಡ್ಲಾ. ಹಾಕ್ಲಿ. ಹಾಕ್ಬುಟ್ಟು ಹೋಗ್ಲಿ."

ಅವನು ಹಾಕಿದ. ಮಣ್ಣು ಬಿದ್ದ ಸದ್ದು ಬೇರೆಯವರದ್ದಕ್ಕಿಂತ ಬೇರೆಯಾಗೇನೂ ಇರಲಿಲ್ಲ.

ಶೂಗೆ ಕಾಲು ತೂರಿಸಿಕೊಂಡು ರಸ್ತೆಗೆ ಬಂದರೆ ಜೀಪು ಇರಲಿಲ್ಲ. ವೈರ್‌ಲೆಸ್ಸಿನಲ್ಲಿ ಕರೆ ಬಂತು, ಗಾಡಿ ಅರ್ಜೆಂಟಾಗಿ ಬೇಕಂತೆ, ಎಂದು ವ್ಯಾನು ಹತ್ತುತ್ತ ಸಬ್ ಇನ್ಸ್‌ಪೆಕ್ಟರ್ ಹೇಳಿದ. ನೀವೂ ಬನ್ನಿ ಎನ್ನಲಿಲ್ಲ. ವಾರ ಕಳೆಯುವುದರೊಳಗೆ ವರ್ಗದ ಆದೇಶವೂ ಬಂತು: ಬೀದರಿನ ಕಡೆ, ಜನರ ಮುಖ ನೋಡುವ ಅಗತ್ಯವಿಲ್ಲದ ಒಂದು ಹುದ್ದೆ. ಅಲ್ಲಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ; ನಿವೃತ್ತಿಯವರೆಗೆ ಯಾವ ಊರಿನಲ್ಲೂ ಯಾರೂ ಅವನಿಗೆ ನಿಮ್ಮೋರೇ ಅಲ್ವಾ ಎನ್ನಲಿಲ್ಲ. ಜಯದೇವಪ್ಪ ಹೇಳಿದ ಹಾಗೆಯೇ ಜಾಗದ ವ್ಯಾಜ್ಯ ಕೋರ್ಟಿಗೆ ಹೋಗಿ ಎಳೆಯಿತು, ಲಾರಿ ಸ್ಟ್ಯಾಂಡು ಬೇರೆಲ್ಲೋ ಆಯಿತು. ಆದರೆ ಆ ಮಧ್ಯಾಹ್ನ ಇದಾವುದೂ ಗೊತ್ತಿರದೆ ಶಿವಯ್ಯ ಮಣ್ಣಿನ ಕೈ ಮೈಗೆ ತಾಗದಂತೆ ದೂರ ಹಿಡಿದುಕೊಂಡು ಬಸ್ಸಿಗೆ ಕಾಯುತ್ತಿದ್ದ.

ಪಾಳ್ಯದ ಬಾಯಲ್ಲಿ ಒಂದು ಬೋರ್‌ವೆಲ್ ಪಂಪು. ಹೂತವರು ಕೈಕಾಲು ತೊಳೆಯದೆ ಮನೆಗೆ ಹೋಗುವಂತಿಲ್ಲ. ಜನ ಇನ್ನೂ ಹಿಂದಿದ್ದರು. ಶಿವಯ್ಯ ಕೈಪಂಪಿನ ಹಿಡಿ ಒತ್ತಿ, ನೀರು ಬಂದೊಡನೆ ಓಡಿ ಕೈಯೊಡ್ಡಿದ. ಅಷ್ಟರಲ್ಲಿ ನೀರು ನಿಂತಿತು. ಮತ್ತೆ ಒತ್ತಿ ಮತ್ತೆ ಓಡಿದ. ಐವತ್ತು ದಾಟಿದ ಗಂಡಸು ಹಿಡಿಗೂ ಮೂತಿಗೂ ನಡುವೆ ಓಡುವುದನ್ನು ಬರುತ್ತಿದ್ದ ಹೆಂಗಸರು ನೋಡಿದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಅವನು ಓಡುವುದನ್ನು ಬಿಟ್ಟು ಹಿಡಿಯ ಹತ್ತಿರವೇ ನಿಂತು ಒತ್ತತೊಡಗಿದ. ಚಲುವಮ್ಮ ಬಂದು ಬಗ್ಗಿ ಕೈಕಾಲು ಮುಖ ತೊಳೆದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬ. ಅವನು ಒತ್ತುತ್ತಲೇ ಇದ್ದ. ಅಂಗೈಯ ಮಣ್ಣು ಕಬ್ಬಿಣಕ್ಕೆ ಹತ್ತಿ ಜಾರುತ್ತಿತ್ತು, ರೆಟ್ಟೆ ಸೇದುತ್ತಿತ್ತು, ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಯಾರೂ ಅವನ ಮುಖ ನೋಡಲಿಲ್ಲ. ಅವನೂ ಪಂಪಿನದೇ ಒಂದು ಭಾಗವೆಂಬಂತೆ ತೊಳೆದುಕೊಂಡು, ಸೆರಗಲ್ಲಿ ಒರೆಸಿಕೊಂಡು ಹೋದರು.

ಕೊನೆಗೆ ಉಳಿದವನು ಸಿದ್ಧಾರ್ಥ. ಅವನು ನಿಧಾನವಾಗಿ ಮೊಣಕೈವರೆಗೆ ತೊಳೆದುಕೊಂಡ, ಗಡ್ಡಕ್ಕೆ ನೀರು ಹಾಕಿಕೊಂಡ, ಉಗುಳಿದ. ಎದ್ದು ನಾಲ್ಕು ಹೆಜ್ಜೆ ಹೋದ. ಆಮೇಲೆ ಏನೋ ಹಾಳು ಕೆಲಸ ಉಳಿದುಹೋಯಿತು ಎಂಬಂತೆ ತಿರುಗಿ ಬಂದು, ಶಿವಯ್ಯನ ಕೈಯಿಂದ ಹಿಡಿಯನ್ನು ಕಿತ್ತುಕೊಂಡ.

"ಒಡ್ರೀ ಕೈಯ" ಎಂದ.

ಯಾರನ್ನೋ ಹೊಡೆಯುವವನಂತೆ ಅವನು ಒತ್ತಿದ. ನೀರು ಭರ್ರನೆ ನುಗ್ಗಿ ಕಲ್ಲಿಗೆ ಬಡಿದು ಶಿವಯ್ಯನ ಪ್ಯಾಂಟು, ಅಂಗಿ, ಮುಖಕ್ಕೆಲ್ಲ ಎರಚಿತು. ಶಿವಯ್ಯ ಎರಡೂ ಕೈಗಳನ್ನು ಚಾಚಿ ಹಾಗೇ ಹಿಡಿದುಕೊಂಡ.